ಒಂದೇ ಕೈ, ಒಂದೇ ಕಾಲು

ನಿವೃತ್ತನಾಗಿ ಮೂವತ್ತು ವರ್ಷ ದಾಟಿತು. ಆದರೂ ಪುಣೆಯ ಧನಕವಡಿಯ ನಮ್ಮ ವಸತಿ ಸೊಸೈಟಿಯ ಉದ್ಯಾನದಲ್ಲಿ ಬೆಳಗಿನ ನಡಿಗೆಗೆ ಬರುವವರ ಕೈಗಳನ್ನು ನೋಡುತ್ತ ಕೂರುವ ಚಟ ನನಗೆ ಬಿಟ್ಟಿಲ್ಲ. ಒಬ್ಬರು ಒಂದು ಕೈಯಲ್ಲಿ ಮೊಬೈಲ್ ಹಿಡಿದು ಇನ್ನೊಂದನ್ನು ಜೇಬಿನೊಳಗೆ ಇಟ್ಟುಕೊಂಡು ನಡೆಯುತ್ತಾರೆ. ಎರಡು ಸಲ ಎದ್ದು ಹೋಗಿ, ಕೈ ಬೀಸಿ ನಡೆಯಿರಿ ಎಂದು ಹೇಳಿ ಬಂದೆ. ಮೂರನೆಯ ಸಲ ಏಳುವಷ್ಟರಲ್ಲಿ ನನ್ನ ಹೆಂಡತಿ ಶಾರದಾ ಅಂಗಿಯ ತುದಿ ಹಿಡಿದು ಕೂರಿಸಿದಳು.

“ಸುಮ್ನ ಕೂಡ್ರಿ. ಅವರು ನಿಮ್ಮ ರಂಗರೂಟ್ ಅಲ್ಲ, ನಮ್ಮ ಸೊಸೈಟಿ ಸೆಕ್ರೆಟರಿ ಅದಾರ.”

ರಂಗರೂಟ್ ಎಂದರೆ ಸೈನ್ಯಕ್ಕೆ ಹೊಸದಾಗಿ ಸೇರಿ ತರಬೇತಿಯಲ್ಲಿರುವವನು. ಅಂಥವರಿಗೆ ನಿಲ್ಲುವುದು, ನಡೆಯುವುದು, ತಿರುಗುವುದು, ಗುರಿ ಹಿಡಿಯುವುದು ಕಲಿಸುವುದೇ ನನ್ನ ಹೊಟ್ಟೆಪಾಡಾಗಿತ್ತು. ಈ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಹಾಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನನ್ನ ತಂಡದ ನಲವತ್ತು ಜನ ಡಾಂಬರು ರಸ್ತೆಯ ಮೇಲೆ ನಡೆದರೆ ಎಂಬತ್ತು ಬೂಟುಗಳ ಸದ್ದು ಒಂದೇ ಬೂಟಿನದಾಗಿ ಕೇಳುತ್ತಿತ್ತು.

ಇದೇ ಊರಿನ ವಾಕಡದಲ್ಲಿರುವ ನನ್ನ ಮಗಳ ಮಗಳು ರಾಜಶ್ರೀ ಈಗ ಸೈನ್ಯದಲ್ಲಿ ಅಧಿಕಾರಿ. ಮುಂದಿನ ತಿಂಗಳು ಅವಳು ಒಂದು ತರಬೇತಿ ಶಿಬಿರಕ್ಕೆ ಹೋಗುತ್ತಿದ್ದಾಳೆ. ಹೊಸಬರ ತಂಡವೊಂದು ಅವಳ ಕೈಗೆ ಬರುತ್ತದೆ. ಹೋದ ಭಾನುವಾರ ಬಂದವಳು ನನ್ನೆದುರು ಕಾಲು ಮಡಚಿ ಕೂತು, “ಅಜ್ಜಾ, ನಿಮ್ಮ ಪ್ರಮೋಷನ್ ಕಥಿ ಎಲ್ಲಾ ನನಗ ಬಾಯಿಪಾಠ ಆಗ್ಯಾವ. ನೀವು ಮಾಡಿದ ಎಲ್ಲಾಕಿಂತ ದೊಡ್ಡ ಮಿಸ್ಟೇಕ್ ಯಾವುದು, ಅದನ್ನ ಹೇಳ್ರಿ” ಎಂದಳು.

ನನಗೆ ಸಿಟ್ಟು ಬಂತು. ತಪ್ಪೇ ಮಾಡಿಲ್ಲ ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ಶಾರದಾಳ ದನಿ ಬಂತು: “ನೀಲವ್ವನ ಕಥಿ ಹೇಳ್ರಿ. ಪೂರ್ತಿ ಹೇಳ್ರಿ. ಅರ್ಧಾ ನುಂಗಬ್ಯಾಡ್ರಿ.”

ಅಂದು ಹೇಳಿದೆ; ಅವಳ ಬಳಿ ಇರಲೆಂದು ಈಗ ಬರೆದೂ ಇಡುತ್ತಿದ್ದೇನೆ. ನೀಲವ್ವ ಬಿಜಾಪುರದ ಕಡೆಯ ಒಂದು ಹಳ್ಳಿಯ ಹೆಂಗಸು. ಎಪ್ಪತ್ತೊಂದರ ಯುದ್ಧದ ಚಳಿಗಾಲದಲ್ಲಿ, ತನ್ನ ಮಗ ಬದುಕಿದ್ದಾನೋ ಸತ್ತಿದ್ದಾನೋ ತಿಳಿದುಕೊಳ್ಳಲು ಪುಣೆಯ ನಮ್ಮ ಶಿಬಿರದ ಗೇಟಿಗೆ ಬಂದಿದ್ದಳು. ಮಗ ಗಟ್ಟಿಮುಟ್ಟಾಗಿ ನನ್ನ ತಂಡದಲ್ಲೇ ಇದ್ದ. ಅವನು ಸತ್ತಿರಬಹುದು ಎಂದು ಆಕೆಗೆ ಅನ್ನಿಸಲು ಕಾರಣ ನಾನು.

ಆ ವರ್ಷ ಶಿಬಿರ ಹೇಗಿತ್ತೆಂದು ಮೊದಲು ಹೇಳಬೇಕು. ಯುದ್ಧ ಬರುತ್ತದೆ ಎಂಬ ಗಾಳಿ ಮಳೆಗಾಲದಲ್ಲೇ ಎದ್ದಿತ್ತು. ತಿಂಗಳುಗಟ್ಟಲೆ ಕಲಿಸುತ್ತಿದ್ದುದನ್ನು ವಾರಗಳಲ್ಲಿ ಕಲಿಸಿ ಮುಗಿಸಿ ಎಂದು ಮೇಲಿನಿಂದ ಆಜ್ಞೆಯಾಯಿತು. ಇಪ್ಪತ್ತು ಜನರ ಬ್ಯಾರಕಿನಲ್ಲಿ ನಲವತ್ತು ಜನ ಮಲಗುತ್ತಿದ್ದರು. ಬೂಟಿನ ಅಳತೆ ಸಿಗದೆ ಕೆಲವರು ಎರಡೆರಡು ಜೊತೆ ಕಾಲುಚೀಲ ಹಾಕಿಕೊಂಡು ಓಡುತ್ತಿದ್ದರು. ಗುರಿ ಹಿಡಿಯುವಾಗ ಎಡಗಣ್ಣೊಂದನ್ನೇ ಮುಚ್ಚಬೇಕು. ಆದರೆ ಪ್ರತಿ ತಂಡದಲ್ಲೂ ಎರಡೂ ಕಣ್ಣು ಒಟ್ಟಿಗೆ ಮುಚ್ಚುವ ನಾಲ್ಕೈದು ಜನ ಇದ್ದೇ ಇರುತ್ತಾರೆ. ಅಂಥವರಿಗಾಗಿ ಶಾರದಾ ತನ್ನ ಹಳೆಯ ಸೀರೆಯನ್ನು ಹರಿದು ಕಣ್ಣಿಗೆ ಕಟ್ಟುವ ಪಟ್ಟಿ ಹೊಲಿದುಕೊಟ್ಟಳು. ಹಸಿರು ಹೂವಿನ ಪಟ್ಟಿ ಕಟ್ಟಿಕೊಂಡು ರೈಫಲ್ ಹಿಡಿದು ಮಲಗಿದ ನಾಲ್ವರನ್ನು ನೋಡಿ ಒಬ್ಬ ಕರ್ನಲ್ ಸಾಹೇಬರು ಕೆಮ್ಮುವ ನೆವದಲ್ಲಿ ಮುಖ ತಿರುಗಿಸಿದ್ದು ನನಗೆ ಇನ್ನೂ ನೆನಪಿದೆ. ನಾಲ್ವರೂ ಗುರಿ ಪರೀಕ್ಷೆಯಲ್ಲಿ ಪಾಸಾದರು.

ನಾನು ಆಗ ಹವಾಲ್ದಾರ; ನನ್ನ ಮೇಲಧಿಕಾರಿ ಸುಭೇದಾರ ಮೋಹಿತೆ ಸಾತಾರದ ಕಡೆಯವರು. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಉಳಿದ ಸುಭೇದಾರರು ಸಿಟ್ಟು ಬಂದರೆ ಕಿರುಚುತ್ತಿದ್ದರು. ಮೋಹಿತೆಯವರ ದನಿ ಸಿಟ್ಟು ಏರಿದಷ್ಟೂ ಇಳಿಯುತ್ತಿತ್ತು. ಅವರು ಪಿಸುಗುಟ್ಟಿದರೆ ಇಡೀ ಮೈದಾನ ಬೆವರುತ್ತಿತ್ತು. ಕವಾಯತಿನಲ್ಲಿ ಯಾರದಾದರೂ ಹೆಜ್ಜೆ ತಪ್ಪಿದರೆ ಅವರಿಗೆ ಅನ್ನದಲ್ಲಿ ಕಲ್ಲು ಸಿಕ್ಕಷ್ಟು ಸಂಕಟ.

ಅವರಿಗೆ ಆ ವರ್ಷ ಸಿಕ್ಕ ದೊಡ್ಡ ಕಲ್ಲು ಯಮನಪ್ಪ. ಇವನೇ ನೀಲವ್ವನ ಮಗ. ನಾವೆಲ್ಲ ನಡೆಯುವಾಗ ಎಡಗಾಲಿನ ಜೊತೆ ಬಲಗೈ, ಬಲಗಾಲಿನ ಜೊತೆ ಎಡಗೈ ಮುಂದೆ ಹೋಗುತ್ತದೆ; ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ‘ತೇಜ್ ಚಲ್’, ಚುರುಕಾಗಿ ನಡೆ, ಎಂಬ ಆಜ್ಞೆ ಕಿವಿಗೆ ಬಿದ್ದೊಡನೆ ಯಮನಪ್ಪನ ಬಲಗಾಲೂ ಬಲಗೈಯೂ ಒಟ್ಟಿಗೆ ಹೊರಡುತ್ತಿದ್ದವು. ಆಮೇಲೆ ಎಡಗಾಲು, ಎಡಗೈ. ಗಾಬರಿಯಾದವರಲ್ಲಿ ಈ ದೋಷ ಬರುವುದುಂಟು. ಎರಡು ದಿನದಲ್ಲಿ ಹೋಗುತ್ತದೆ. ಇವನದು ಹೋಗಲಿಲ್ಲ. ಬೈದೆ, ಓಡಿಸಿದೆ, ಮೊಣಕಾಲಿಗೂ ಕೈಗೂ ದಾರ ಕಟ್ಟಿ ನಡೆಸಿದೆ. ಬೈದಷ್ಟೂ ಅವನ ಕೈಕಾಲು ಇನ್ನೂ ಗಟ್ಟಿಯಾಗಿ ಜೊತೆಗೂಡಿದವು.

ಒಂದು ದಿನ ಅವನು ತನ್ನ ದೊಡ್ಡಪ್ಪನ ಮಗ ಶಿವಲಿಂಗನ ಜೊತೆ ಹರಟೆ ಹೊಡೆಯುತ್ತ ಊಟದ ತಾಟು ಹಿಡಿದು ಹೋಗುವುದನ್ನು ನೋಡಿದೆ. ಇಬ್ಬರೂ ಒಂದೇ ಊರಿನವರು, ಒಟ್ಟಿಗೆ ಭರ್ತಿಯಾದವರು. ಮಾತಿನಲ್ಲಿ ಮೈಮರೆತ ಯಮನಪ್ಪ ಎಲ್ಲರಂತೆ ಸರಿಯಾಗಿಯೇ ನಡೆಯುತ್ತಿದ್ದ. ನನಗೆ ದಾರಿ ಹೊಳೆಯಿತು. ಮರುದಿನ ಅವನೊಬ್ಬನನ್ನೇ ಮೈದಾನಕ್ಕೆ ಕರೆದುಕೊಂಡು ಹೋದೆ.

“ನಿಮ್ಮೂರಾಗ ಬಸ್ ಇಳದು ನಿಮ್ಮನಿ ತನಕ ಹೋಗಬೇಕಂದ್ರ ಯಾರ್ಯಾರ ಮನಿ ಬರತಾವ?” ಎಂದೆ.

“ಮೊದಲ ಗೌಡ್ರ ಮನಿರಿ. ಆಮ್ಯಾಲ ಬಡಿಗ್ಯಾರ ಮನಿ...”

“ನಡಕೋತ ಹೇಳು. ಒಂದ ಹೆಜ್ಜಿಗೆ ಒಂದ ಮನಿ.”

ಗೌಡರ ಮನೆ, ಬಡಿಗರ ಮನೆ, ಹಿಟ್ಟಿನ ಗಿರಣಿ, ಕುಂಟ ಮಾವನ ಮನೆ ಎಂದು ಹೇಳುತ್ತ ಯಮನಪ್ಪ ಮೈದಾನದ ಆ ತುದಿ ಮುಟ್ಟಿದ. ಕೈ ಕೈಯ ಕೆಲಸ ಮಾಡಿತು, ಕಾಲು ಕಾಲಿನ ಕೆಲಸ ಮಾಡಿತು. ಮೂರು ವಾರ ಅವನು ಹಾಗೆ ತನ್ನ ಊರಿನಲ್ಲಿ ನಡೆದ. ಆ ಊರಿನ ಮನೆಗಳ ಸಾಲು ನನಗೂ ಬಾಯಿಪಾಠವಾಯಿತು. ನಾಲ್ಕನೆಯ ವಾರ ಅವನು ತುಟಿ ಅಲುಗಿಸದೆ, ಕಣ್ಣು ಅತ್ತಿತ್ತ ಹೊರಳಿಸದೆ ತಂಡದ ನಡುವೆ ನಡೆದ. ಮೋಹಿತೆಯವರು ಬಾಯಲ್ಲಿದ್ದ ಲವಂಗವನ್ನು ಆ ದವಡೆಯಿಂದ ಈ ದವಡೆಗೆ ತಳ್ಳಿ, “ಬರೋಬರ್” ಎಂದರು. ಅವರ ಬಾಯಲ್ಲಿ ಅದು ಪದಕ ಕೊಟ್ಟ ಹಾಗೆ.

ಇದು ನನ್ನ ಹೆಮ್ಮೆಯ ಭಾಗ. ಇನ್ನು ಶಾರದಾ ನುಂಗಬೇಡಿ ಎಂದ ಭಾಗ.

ತಂಡದಲ್ಲಿ ಹನ್ನೊಂದು ಕನ್ನಡದವರಿದ್ದರು. ಅವರಲ್ಲಿ ಯಮನಪ್ಪ, ಶಿವಲಿಂಗ ಸೇರಿ ನಾಲ್ವರಿಗೆ ಬರೆಯಲು ಬರುತ್ತಿರಲಿಲ್ಲ. ಭಾನುವಾರ ಊಟವಾದ ಮೇಲೆ ಬ್ಯಾರಕಿನ ಮೆಟ್ಟಿಲ ಮೇಲೆ ಕೂತು ಅವರ ಮನೆಗೆ ಅಂಚೆ ಕಾರ್ಡು ಬರೆದುಕೊಡುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ಮೋಹಿತೆಯವರು ನನ್ನನ್ನು ‘ಮಾಸ್ತರ’ ಎಂದು ಕರೆಯುತ್ತಿದ್ದುದು ಇದಕ್ಕಾಗಿಯೇ. ಮೊದಮೊದಲು ಒಬ್ಬೊಬ್ಬನನ್ನೂ “ಏನ್ ಬರೀಲಿ?” ಎಂದು ಕೇಳಿದೆ. ಅವರು ಉಗುರು ಕಚ್ಚುತ್ತ, “ನಿಮಗ ತಿಳದಂಗ ಬರೀರಿ ಸಾಹೇಬರ” ಎನ್ನುತ್ತಿದ್ದರು. ಎಲ್ಲಿದ್ದೇವೆ, ಏನು ಕಲಿಯುತ್ತೇವೆ, ಯಾವಾಗ ಹೊರಡುತ್ತೇವೆ ಎಂಬ ಒಂದು ಮಾತೂ ಬರೆಯುವಂತಿರಲಿಲ್ಲ; ಪ್ರತಿ ಕಾರ್ಡನ್ನೂ ಒಬ್ಬ ಅಧಿಕಾರಿ ಓದಿ ದಾಟಿಸಬೇಕು. ನನ್ನ ಭಾನುವಾರದ ನಿದ್ದೆ ಹಾಳಾಗುತ್ತಿತ್ತು.

ಕೊನೆಗೆ ನಾನೇ ಒಂದು ಪತ್ರ ಕಟ್ಟಿದೆ. ‘ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮ ಕ್ಷೇಮಕ್ಕೆ ಬರೆಯಿರಿ. ಊಟ ಚೆನ್ನಾಗಿದೆ. ಕೆಲಸ ಚೆನ್ನಾಗಿ ಕಲಿಯುತ್ತಿದ್ದೇನೆ. ನನ್ನ ಚಿಂತೆ ಮಾಡಬೇಡಿ.’ ಐದು ವಾಕ್ಯ. ನಾಲ್ಕು ಕಾರ್ಡು ಕಾಲು ಗಂಟೆಯಲ್ಲಿ ಮುಗಿಯತೊಡಗಿತು. ನಿಮ್ಮ ಕನ್ನಡ ಕಾರ್ಡುಗಳನ್ನು ದಾಟಿಸುವುದು ಬಹಳ ಸುಲಭ ಎಂದು ಓದುವ ಅಧಿಕಾರಿ ಹೊಗಳಿದರು. ಏಳು ಭಾನುವಾರ ಅದೇ ಐದು ವಾಕ್ಯ ಹೋಯಿತು.

ಶಾರದಾ ಒಮ್ಮೆ ಚಹಾಕ್ಕೆ ಕರೆಯಲು ಬಂದವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, “ಎಲ್ಲಾರಿಗೂ ಒಂದ ಪತ್ರ ಏನ್ರಿ?” ಎಂದಿದ್ದಳು.

“ಎಲ್ಲಾರೂ ಉಣ್ಣೂದು ಒಂದ ಊಟ, ಮಾಡೂದು ಒಂದ ಕೆಲಸ. ಬ್ಯಾರೆ ಬ್ಯಾರೆ ಏನ್ ಬರೀಲಿ?”

“ನಾ ಊರಾಗ ಇದ್ದಾಗ ನನಗೂ ಇವನ್ನ ಬರೀತಿದ್ರಿ. ನಾ ಓದೂದ ಬಿಟ್ಟಿದ್ದೆ, ಅಕ್ಷರ ಅಷ್ಟ ನೋಡತಿದ್ದೆ” ಎಂದು ಅವಳು ಹೋದಳು. ನಾನು ಆ ಮಾತಿಗೆ ಕಿವಿಗೊಡಲಿಲ್ಲ.

ಯುದ್ಧ ಶುರುವಾಗಿತ್ತು. ನಮ್ಮ ಕ್ವಾರ್ಟರ್ಸಿನ ಕಿಟಕಿಗಳಿಗೆಲ್ಲ ರಾತ್ರಿ ಬೆಳಕು ಹೊರಗೆ ಕಾಣದಂತೆ ಕಪ್ಪು ಕಾಗದ ಅಂಟಿಸಿದ್ದೆವು. ನನ್ನ ತಂಡ ಗಡಿಯ ಕಡೆಯ ಪಲ್ಟಣಗಳಿಗೆ ಹೊರಡಲು ಎರಡೇ ದಿನ ಉಳಿದಿತ್ತು. ಅದು ನಮಗೆ ಗೊತ್ತು, ಹುಡುಗರಿಗೆ ಗೊತ್ತಿರಲಿಲ್ಲ. ಹೊರಡುವ ತಂಡಕ್ಕೆ ಹೊರಗಿನವರ ಭೇಟಿ ಪೂರ್ತಿ ಬಂದ್ ಎಂದು ಕಟ್ಟುನಿಟ್ಟಿನ ಆಜ್ಞೆ ಇತ್ತು. ಒಬ್ಬನ ಮನೆಯವರು ಬಂದು ಹೋದರೆ ಹೊರಡುವ ದಿನ ಊರಿಗೆಲ್ಲ ತಿಳಿಯುತ್ತದೆ ಎಂಬುದು ಕಾರಣ.

ಆ ಬೆಳಗ್ಗೆ ಗೇಟಿನ ಕಾವಲುಗಾರ ನನ್ನನ್ನು ಕರೆದು, ನಿಮ್ಮ ಭಾಷೆಯ ಹೆಂಗಸೊಬ್ಬಳು ಬೇವಿನ ಮರದ ಕೆಳಗೆ ಕೂತಿದ್ದಾಳೆ, ಏಳುತ್ತಿಲ್ಲ ಎಂದ. ಹೋಗಿ ನೋಡಿದೆ. ನಲವತ್ತೈದರ ಸುಮಾರಿನ ಹೆಂಗಸು, ಪಕ್ಕದಲ್ಲಿ ರೊಟ್ಟಿಯ ಗಂಟು. ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಪುಣೆಗೆ ಬರುವ ತನ್ನೂರಿನವರ ಜೊತೆ ಸೋಲಾಪುರದ ಮೇಲೆ ರೈಲಿನಲ್ಲಿ ಬಂದಿದ್ದಳು. ನಾನು ಕನ್ನಡದಲ್ಲಿ ಮಾತಾಡಿಸಿದಾಗಲೂ ಆಕೆಯ ಮುಖ ಸಡಿಲವಾಗಲಿಲ್ಲ. ಸೆರಗಿನಿಂದ ಕಾರ್ಡುಗಳ ಕಟ್ಟು ತೆಗೆದು, ಒಂದರ ಪಕ್ಕ ಒಂದರಂತೆ ಜೋಡಿ ಜೋಡಿಯಾಗಿ ಮಣ್ಣಿನ ಮೇಲೆ ಹರವಿದಳು. ಯಮನಪ್ಪನವು ಏಳು, ಶಿವಲಿಂಗನವು ಏಳು.

“ನನಗ ಓದಾಕ ಬರಂಗಿಲ್ಲ ತಮ್ಮಾ. ನೋಡಾಕ ಬರತೈತಿ” ಎಂದು ಬೆರಳಿನಿಂದ ಒಂದು ಸಾಲು ತೀಡಿ, ಪಕ್ಕದ ಕಾರ್ಡಿನ ಸಾಲನ್ನೂ ತೀಡಿದಳು. “ಇದು ಎಲ್ಲಿ ಮುಗದೈತಿ, ಅದೂ ಅಲ್ಲೇ ಮುಗದೈತಿ. ಹದಿನಾಲ್ಕೂ ಹಂಗ ಅದಾವ. ಸಾಲಿ ಮಾಸ್ತರ್ನ ಕೇಳಿದ್ನಿ. ಅವರೂ ಅದನ್ನ ಅಂದ್ರು. ಊರಾಗ ಮಂದಿ ಏನಂತಾರ ಗೊತ್ತೈತೇನು? ಹುಡುಗೂರ್ನ ಅವಾಗ ಗಡಿಗೆ ಕಳಿಸ್ಯಾರ, ಅವರು ಹೋಗಿಬಿಟ್ಟಾರ. ಇಲ್ಲಿ ಒಬ್ಬಾಂವ ಕುಂತು ಸತ್ತವರ ಹೆಸರಿಲೆ ಕಾರ್ಡು ಬರೀತಾನ ಅಂತಾರ. ಖರೇ ಏನು?”

ಮೈದಾನದಲ್ಲಿ ನಲವತ್ತು ಜನರನ್ನು ಒಂದೇ ಕೂಗಿಗೆ ನಿಲ್ಲಿಸುವವನು ಆಕೆಯೆದುರು ತೊದಲಿದೆ. “ಬರದಾಂವ ನಾನ ರೀ ಅವ್ವಾರ. ಇಬ್ಬರೂ ಅದಾರ, ಆರಾಮ ಅದಾರ. ನಿಮ್ಮೂರಾಗ ಗೌಡ್ರ ಮನಿ, ಆಮ್ಯಾಲ ಬಡಿಗ್ಯಾರ ಮನಿ, ಗಿರಣಿ... ಎಲ್ಲಾ ಯಮನಪ್ಪನ ಹೇಳ್ಯಾನ ನನಗ.”

“ಅಂವ ಇಲ್ಲಿ ಬಂದಿದ್ದ ಅನ್ನೂದು ನನಗೂ ಗೊತ್ತೈತಿ. ಈಗ ಅದಾನೋ ಇಲ್ಲೋ, ಅದನ್ನ ಹೇಳು. ಎರಡು ಮನಿ ಮಂದಿ ನನ್ನ ಹಾದಿ ಕಾಯಾಕತ್ತಾರ.”

ಅವಳನ್ನು ನಮ್ಮ ಕ್ವಾರ್ಟರ್ಸಿಗೆ ಕಳಿಸಿದೆ. ಶಾರದಾ ಚಹಾ ಕೊಟ್ಟಳು, ಅನ್ನ ಬಡಿಸಿದಳು. ನೀಲವ್ವ ಯಾವುದನ್ನೂ ಮುಟ್ಟಲಿಲ್ಲ. ಮಗನನ್ನು ನೋಡಿದ ಮೇಲೆಯೇ ತುತ್ತು ಎಂದಳು.

ಒಂದು ಉಪಾಯವಿದೆ ಎಂದುಕೊಂಡೆ. ಬ್ಯಾರಕುಗಳು ರಸ್ತೆಯ ಈಚೆ, ಕವಾಯತಿನ ಮೈದಾನ ಆಚೆ. ತಂಡ ದಿನವೂ ಬೆಳಗ್ಗೆ ಗೇಟು ದಾಟಿ ರಸ್ತೆಯಲ್ಲಿ ನಡೆದು ಹೋಗುತ್ತದೆ. ರಸ್ತೆಯ ಬದಿ ನಿಂತವರು ನೋಡಿದರೆ ಅದು ಭೇಟಿಯಲ್ಲ, ಯಾವ ಆಜ್ಞೆಯೂ ಮುರಿಯುವುದಿಲ್ಲ. ಮರುದಿನ ನೀಲವ್ವನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ನಡುವಿನ ಸಾಲಿನ ನಾಲ್ಕನೆಯವನು ನಿಮ್ಮ ಮಗ, ಐದನೆಯವನು ಶಿವಲಿಂಗ ಎಂದು ಮೊದಲೇ ಹೇಳಿದೆ. ಯಮನಪ್ಪನಿಗೆ ತಿಳಿಸಲಿಲ್ಲ. ತಿಳಿದರೆ ಸಾಲು ಬಿಟ್ಟು ಓಡಿಬಂದಾನು, ಶಿಕ್ಷೆಯಾದೀತು ಎಂಬ ಹೆದರಿಕೆ ನನಗೆ.

ತಂಡ ಬಂತು. ನಲವತ್ತು ಬೋಳು ತಲೆ, ನಲವತ್ತು ಟೊಪ್ಪಿಗೆ, ಬಿಸಿಲಿಗೆ ಕಪ್ಪಾದ ನಲವತ್ತು ಮುಖ. ಎಲ್ಲರ ಕಣ್ಣೂ ನೇರ ಮುಂದಕ್ಕೆ. ಎಂಬತ್ತು ಬೂಟುಗಳ ಒಂದೇ ಸದ್ದು. ಯಮನಪ್ಪ ತಾಯಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಹಾದುಹೋದ. ಕೈ ಅಳತೆಗೆ ಸರಿಯಾಗಿ ಬೀಸಿತು, ಕತ್ತು ಒಂದು ನೂಲೂ ತಿರುಗಲಿಲ್ಲ. ನಾನು ಕಲಿಸಿದ್ದನ್ನು ಅಷ್ಟು ಚೊಕ್ಕವಾಗಿ ಯಾರೂ ಮಾಡಿ ತೋರಿಸಿರಲಿಲ್ಲ.

ನೀಲವ್ವ ತಂಡದ ಬೆನ್ನು ಮರೆಯಾಗುವ ತನಕ ನೋಡಿ, “ಅಂವ ನನ್ನ ಮಗ ಅಲ್ಲ” ಎಂದಳು.

“ಅಲ್ರಿ ಅವ್ವಾರ, ನಾಕನೇದಾಂವ...”

“ಎಲ್ಲಾರೂ ಒಂದ ನಮೂನಿ ಅದಾರ, ನಿನ್ನ ಕಾರ್ಡಿನಂಗ. ಯಾವನ್ನ ತೋರಿಸಿ ಮಗಾ ಅಂದ್ರೂ ನಾ ಹೂಂ ಅನ್ನಬೇಕು. ನನ್ನ ಮಗ ಹಂಗ ನಡಿಯಾಂವ ಅಲ್ಲ. ಅವ್ವನ ಮುಂದ ಹಾಯ್ದು ಹೋಗಿ ಹೊಳ್ಳಿ ನೋಡಲಾರದ ಇರಾಂವನೂ ಅಲ್ಲ.” ಹಾಗೆಂದು ಮರದ ಬುಡಕ್ಕೆ ಕುಸಿದು ಕೂತು, ಮೊದಲ ಸಲ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆವರೆಗೆ ಆಕೆಗೆ ಬರೀ ಅನುಮಾನವಿತ್ತು. ನಾನು ಅದನ್ನು ಖಾತ್ರಿ ಮಾಡಿಕೊಟ್ಟಿದ್ದೆ. ನನ್ನ ಕೆಲಸದ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಮಧ್ಯಾಹ್ನ ತಂಡ ಹೊರಡುವುದಿತ್ತು. ನಾನು ನೇರವಾಗಿ ಮೋಹಿತೆಯವರ ಮುಂದೆ ಹೋಗಿ ನಿಂತು ಕಾರ್ಡಿನ ವಿಷಯದಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದೆ. ಅವರ ದನಿ ಇಳಿಯುವುದನ್ನು ಕಾದೆ. ದನಿ ಇಳಿಯಲಿಲ್ಲ.

“ಮಾಸ್ತರ, ತೂ ಚಾಳೀಸ್ ಮಾಣಸಂ ಏಕಸಾರಖೀ ಕೇಲೀಸ್. ಆತಾ ಆಈಲಾ ತಿಚಾ ಏಕ್ ಕಸಾ ದ್ಯಾಯಚಾ?” ಎಂದರು. ನಲವತ್ತು ಜನರನ್ನು ಒಂದೇ ರೀತಿ ಮಾಡಿಟ್ಟಿದ್ದೀಯ, ಈಗ ತಾಯಿಗೆ ಅವಳ ಒಬ್ಬನನ್ನು ಹೇಗೆ ಕೊಡುವುದು ಎಂದು ಅವರು ಕೇಳಿದ್ದು. ನಾಳೆಯ ಪರೇಡ್ ತಾವೇ ನಡೆಸುವುದಾಗಿಯೂ ಆಕೆ ರಸ್ತೆಯ ಬಲಗಡೆಗೇ ನಿಂತಿರಬೇಕೆಂದೂ ಹೇಳಿ ಕಳಿಸಿದರು.

ಮರುದಿನ ಬೆಳಗ್ಗೆ ಶಾರದಾ ನೀಲವ್ವನ ಕೈ ಹಿಡಿದು ಮರದ ಕೆಳಗೆ ನಿಂತಳು. ನಾನು ಸ್ವಲ್ಪ ಹಿಂದೆ ನಿಂತೆ. ನೀಲವ್ವ ನನ್ನ ಕಡೆ ನೋಡಲೂ ಇಲ್ಲ. ಬರುವುದಿಲ್ಲ ಎಂದವಳನ್ನು ಶಾರದಾ ಹೇಗೋ ಒಪ್ಪಿಸಿ ಕರೆತಂದಿದ್ದಳು. ತಂಡ ಗೇಟಿನಿಂದ ಹೊರಬಂತು. ಪಕ್ಕದಲ್ಲಿ ಮೋಹಿತೆಯವರು. ಮರಕ್ಕೆ ಹತ್ತು ಹೆಜ್ಜೆ ಇದೆ ಎನ್ನುವಾಗ ಅವರು ಜೀವಮಾನದಲ್ಲಿ ಮೊದಲ ಸಲ ಎಂಬಂತೆ ಗಂಟಲು ಬಿಚ್ಚಿ ಕೂಗಿದರು.

“ದಾಹಿನೇ... ದೇಖ್!”

ಬಲಕ್ಕೆ ನೋಡಿ ಎಂಬ ಆಜ್ಞೆ. ನಡೆಯುತ್ತಿರುವ ತಂಡ ಒಟ್ಟಿಗೆ ಕತ್ತು ತಿರುಗಿಸಿ ಗೌರವ ಸಲ್ಲಿಸುವುದು. ದೊಡ್ಡ ಅಧಿಕಾರಿಗಳಿಗೆ, ಧ್ವಜಕ್ಕೆ ಸಲ್ಲುವ ಗೌರವ. ಅಂದು ಬಲಗಡೆ ಇದ್ದವರು ರೊಟ್ಟಿಯ ಗಂಟು ಹಿಡಿದ ಒಬ್ಬ ಹೆಂಗಸು ಮತ್ತು ನನ್ನ ಹೆಂಡತಿ. ಟಕ್ಕನೆ ಮುಖಗಳು ಅವರ ಕಡೆ ಹೊರಳಿದವು.

ಯಮನಪ್ಪ ತಾಯಿಯನ್ನು ಕಂಡ. ಸಾಲು ಬಿಡಲಿಲ್ಲ, ಕೂಗಲಿಲ್ಲ, ಹೆಜ್ಜೆ ನಿಲ್ಲಿಸಲಿಲ್ಲ. ಆದರೆ ಅವನ ಬಲಗಾಲಿನ ಜೊತೆ ಬಲಗೈ ಹೊರಟಿತು. ಆಮೇಲೆ ಎಡಗಾಲು, ಎಡಗೈ. ಮೂರು ವಾರ ಊರ ತುಂಬ ನಡೆಸಿ ನಾನು ಬಿಡಿಸಿದ್ದೆಲ್ಲ ಮೂರು ಹೆಜ್ಜೆಯಲ್ಲಿ ವಾಪಸ್ ಬಂತು.

“ಅಕಾ ನೋಡು! ಅಂವ! ಅಂವ ನಮ್ಮ ಯಮನ್ಯಾ!” ನೀಲವ್ವ ಶಾರದಾಳ ಕೈಯನ್ನು ಎಷ್ಟು ಗಟ್ಟಿ ಹಿಡಿದಳೆಂದರೆ ಬಳೆ ಒಡೆದವು. “ಒಂದ ಕೈ ಒಂದ ಕಾಲು ಹಾಕ್ಕೊಂಡು ಹೊಂಟಾನ ನೋಡವ್ವಾ! ಹೆಜ್ಜಿ ಇಡಾಕ ಕಲತಾಗಿಂದ ಹಂಗ ಅಂವ. ಅಂಜಿದ್ರೂ ಹಂಗ, ಖುಷಿ ಆದ್ರೂ ಹಂಗ. ಅವನ ಹಿಂದ ಶಿವಲಿಂಗ! ನಗಾಕತ್ತಾನ ಭಾಡ್ಯಾ!”

ಹೆಜ್ಜೆ ತಪ್ಪಿದರೆ ಅನ್ನ ಸೇರದ ಮೋಹಿತೆಯವರು ಅದನ್ನು ನೋಡಿದರು. ಬೈಯಲಿಲ್ಲ. ‘ಸಾಮನೇ ದೇಖ್’ ಎಂದು ತಲೆ ನೇರ ಮಾಡಿಸುವ ಆಜ್ಞೆಯನ್ನು ಎಲ್ಲಿ ಕೊಡಬೇಕಿತ್ತೋ ಅಲ್ಲಿ ಕೊಡದೆ ತಂಡ ಆಕೆಯನ್ನು ಪೂರ್ತಿ ದಾಟುವವರೆಗೆ ತಡೆದರು. ಅಷ್ಟರಲ್ಲಿ ಎದುರಿನಿಂದ ಜೀಪಿನಲ್ಲಿ ಬಂದ ಮೇಜರ್ ಸಾಹೇಬರು ಗಾಡಿ ನಿಲ್ಲಿಸಿ, ಈ ಸಲಾಮು ಯಾರಿಗೆ ಎಂದು ಹಿಂದಿಯಲ್ಲಿ ಕೇಳಿದರು.

“ರಿಹರ್ಸಲ್ ಥಾ, ಸಾಬ್” ಎಂದರು ಮೋಹಿತೆ, ಕಣ್ಣು ಮಿಟುಕಿಸದೆ.

ಮೇಜರ್ ಸಾಹೇಬರು ಮರದ ಕೆಳಗಿನ ಹೆಂಗಸನ್ನೊಮ್ಮೆ ನೋಡಿ, “ಅಚ್ಛಾ ಥಾ” ಎಂದು ಹೊರಟುಹೋದರು.

ಮನೆಗೆ ಬಂದು ನೀಲವ್ವ ಗಂಟು ಬಿಚ್ಚಿದಳು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಎರಡು ದಿನದ ಉಪವಾಸ ಮುರಿಯುವ ಮುಂಚೆ ಒಂದು ರೊಟ್ಟಿಯ ಮೇಲೆ ಚಟ್ನಿ ಹಾಕಿ ನನ್ನ ಕೈಗೆ ಕೊಟ್ಟಳು. “ತಗೋ. ಊಟ ಚೆನ್ನಾಗಿದೆ ಅಂತ ಏಳು ಸಲ ಬರದೀ. ಇದನ್ನ ತಿನ್ನು, ಆಮ್ಯಾಲ ಬರಿ” ಎಂದಳು. ಶಾರದಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಹೊರಡುವಾಗ ನೀಲವ್ವನೇ ಹೇಳಿದಳು: “ಮುಂದ ಯಾರಿಗರೆ ಬರದ್ರ, ಅವರ ಮನ್ಯಾಗಿನವರಿಗೆ ಅಷ್ಟ ಗೊತ್ತಿರೂ ಮಾತು ಒಂದು ಹಾಕು. ಒಂದ ಸಾಕು.” ಉಳಿದ ರೊಟ್ಟಿ ಮೋಹಿತೆಯವರ ಕೈಯಿಂದ ಮಧ್ಯಾಹ್ನದ ಟ್ರಕ್ಕು ಹತ್ತಿತು. ನಲವತ್ತು ಜನರಿಗೂ ಒಂದೊಂದು ಚೂರು ಬಂತಂತೆ.

ಆಕೆಯ ಮಾತನ್ನು ನಾನು ಸೇವೆ ಮುಗಿಯುವ ತನಕ ಪಾಲಿಸಿದೆ. ಮುಂದಿನ ಭಾನುವಾರದಿಂದಲೇ ಹೊಸಬರನ್ನು “ಏನ್ ಬರೀಲಿ?” ಎಂದು ಕೇಳುವುದು ಬಿಟ್ಟು, “ನಿಮ್ಮ ಮನಿಯವರಿಗೆ ಅಷ್ಟ ಗೊತ್ತಿರೂದು ಒಂದು ಹೇಳು” ಎಂದು ಕೇಳತೊಡಗಿದೆ. ಉಗುರು ಕಚ್ಚುತ್ತಿದ್ದವರು ಮಾತು ನಿಲ್ಲಿಸದಾದರು. ನನ್ನ ಭಾನುವಾರದ ನಿದ್ದೆ ಶಾಶ್ವತವಾಗಿ ಹೋಯಿತು. ‘ಕೆಂಪು ಆಕಳು ಇನ್ನೂ ಬಲಗಾಲು ಝಾಡಿಸಿ ಒದೆಯುತ್ತದೆಯೇ?’ ಎಂದು ಒಬ್ಬನ ಕಾರ್ಡಿನಲ್ಲಿ ಬರೆದಾಗ, ಓದುವ ಅಧಿಕಾರಿ ನನ್ನನ್ನು ಕರೆಸಿ ಬಾಗಿಲು ಹಾಕಿ, ಕೆಂಪು ಆಕಳು ಎಂದರೆ ಯಾವ ಟ್ಯಾಂಕು ಎಂದು ವಿಚಾರಿಸಿದರು. ಆಕಳು ಎಂದರೆ ಆಕಳೇ ಎಂದು ಮನವರಿಕೆ ಮಾಡಲು ಅರ್ಧ ದಿನ ಹಿಡಿಯಿತು.

ಆದರೆ ಯಮನಪ್ಪನ ಸುದ್ದಿ ಬರಲಿಲ್ಲ. ಯುದ್ಧ ಮುಗಿಯಿತು, ಕಿಟಕಿಯ ಕಪ್ಪು ಕಾಗದ ಕಿತ್ತೆವು. ನಾವು ಕಲಿಸಿ ಕಳಿಸಿದವರಲ್ಲಿ ತೀರಿಕೊಂಡವರ ಹೆಸರಿನ ಪಟ್ಟಿ ಆಗೊಂದು ಈಗೊಂದು ಶಿಬಿರಕ್ಕೆ ಬರುತ್ತಿತ್ತು. ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ಯಮನಪ್ಪನ ಹೆಸರು ಕೊನೆಗೆ ಬರುವುದರಿಂದ ಪ್ರತಿ ಸಲವೂ ನಾನು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದೆ. ಕೈಕಾಲು ಜೊತೆಗೂಡುವವನನ್ನು ಪಾಸು ಮಾಡಿ ಗಡಿಗೆ ಕಳಿಸಿದವನು ನಾನು. ಗಾಬರಿಯಲ್ಲಿ ಎಲ್ಲಿ ಮುಗ್ಗರಿಸಿದನೋ ಎಂಬ ಯೋಚನೆ ನನ್ನನ್ನು ಊಟದಲ್ಲೂ ಬಿಡುತ್ತಿರಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ, ‘ಪತ್ರ ಬರೆಯುವ ಹವಾಲ್ದಾರರಿಗೆ’ ಎಂದು ವಿಳಾಸ ಬರೆದ ಒಂದು ಕಾರ್ಡು ಶಿಬಿರಕ್ಕೆ ಬಂತು. ಶಾಲೆಯ ಮಾಸ್ತರರ ದುಂಡು ಅಕ್ಷರ, ಮಾತು ನೀಲವ್ವನದು. ಆ ಕಾರ್ಡು ಐವತ್ತು ವರ್ಷ ಮೀರಿ ಶಾರದಾಳ ಟ್ರಂಕಿನಲ್ಲಿದೆ. ನಾನು ಅವಳಿಗೆ ಬರೆದ ಪತ್ರಗಳನ್ನು ಅವಳು ಎಲ್ಲಿಟ್ಟಿದ್ದಾಳೋ ನನಗೆ ಗೊತ್ತಿಲ್ಲ, ಇದನ್ನು ಮಾತ್ರ ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಾಳೆ. ಭಾನುವಾರ ರಾಜಶ್ರೀ ಅದನ್ನು ಒಯ್ಯುತ್ತೇನೆ ಎಂದಾಗ, “ಫೋಟೋ ತಕ್ಕೋ, ಸಾಕು” ಎಂದು ಕೈಯಿಂದ ಕಸಿದುಕೊಂಡಳು. ರಾಜಶ್ರೀ ಫೋಟೋ ತೆಗೆದುಕೊಂಡು, ಎರಡು ಸಲ ಓದಿ, ಎದ್ದು ಬಂದು ನನ್ನ ಪಕ್ಕದಲ್ಲಿ ಒತ್ತಿ ಕೂತಳು.

ನಿನ್ನ ತಂಡದವರ ಕೈ ತಿದ್ದು, ಕಾಲು ತಿದ್ದು, ಮಗಳೇ. ಬಿಗಿಯಾಗಿಯೇ ತಿದ್ದು. ಅದು ನಿನ್ನ ಕೆಲಸ. ತಿದ್ದುವ ಮುಂಚೆ ಅವರು ಹೇಗೆ ನಡೆಯುತ್ತಿದ್ದರೆಂದು ನೋಡಿ ಇಟ್ಟುಕೋ. ಯಾರಾದರೂ ಕೇಳಿಕೊಂಡು ಬರಬಹುದು. ಕಾರ್ಡಿನಲ್ಲಿದ್ದುದನ್ನು ಇಲ್ಲಿ ಬರೆದು ಮುಗಿಸುತ್ತೇನೆ. ನೀಲವ್ವ ನನ್ನ ಐದು ವಾಕ್ಯವನ್ನೇ ನನಗೆ ವಾಪಸ್ ಕಳಿಸಿ, ಕೊನೆಗೆ ಒಂದನ್ನು ಸೇರಿಸಿದ್ದಳು:

‘ನಾವು ಇಲ್ಲಿ ಕ್ಷೇಮವಾಗಿದ್ದೇವೆ. ನಿಮ್ಮ ಕ್ಷೇಮಕ್ಕೆ ಬರೆಯಿರಿ. ಊಟ ಚೆನ್ನಾಗಿದೆ. ಕೆಲಸ ಚೆನ್ನಾಗಿ ನಡೆದಿದೆ. ನಮ್ಮ ಚಿಂತೆ ಮಾಡಬೇಡಿ. ನಿನ್ನಿ ಸಂಜೀಕ ಇಬ್ಬರೂ ಊರಿಗೆ ಬಂದಾರ; ಯಮನ್ಯಾ ಬಸ್ ಇಳದು, ಗೌಡ್ರ ಮನಿಯಿಂದ ನಮ್ಮನಿ ಬಾಗಲಾ ತನಕ, ಒಂದ ಕೈ ಒಂದ ಕಾಲು ಹಾಕ್ಕೋತ ಬಂದಾನ.’